ಆರನೇ ಒಂದು ಭಾಗ ಸರಿ, ಯಾರದ್ದು?

ಆರನೇ ಸೆಮ್ ಮುಗಿಯುವ ಹೊತ್ತಿಗೆ ಕ್ಯಾಂಪಸ್ಸಿನ ಪ್ರತಿಯೊಬ್ಬರ ಫೋನಿನಲ್ಲೂ ಒಂದು ಪಿಡಿಎಫ್ ಬಂದು ಕೂತಿರುತ್ತೆ. ಯಾರು ಮಾಡಿದ್ದು ಗೊತ್ತಿಲ್ಲ, ಯಾವ ಸೀನಿಯರ್‌ನಿಂದ ಬಂದದ್ದು ಗೊತ್ತಿಲ್ಲ. ಆಪ್ಟಿಟ್ಯೂಡ್ ಪರೀಕ್ಷೆಯ ಶಾರ್ಟ್‌ಕಟ್‌ಗಳೆಲ್ಲ ಅದರಲ್ಲಿವೆ. ರೈಲು ಸೇತುವೆ ದಾಟೋದು, ನಲ್ಲಿ ತೊಟ್ಟಿ ತುಂಬೋದು, ಗಡಿಯಾರದ ಮುಳ್ಳು, ಇವುಗಳ ನಡುವೆ ಒಂದು ಪುಟ ‘ಒಂದರ ಮೇಲೊಂದು ಬಿದ್ದ ಆಕೃತಿಗಳು’ ಅಂತ. ನನ್ನ ಜಗಳ ಆ ಒಂದು ಪುಟದ ಜೊತೆ ಮಾತ್ರ. ಉಳಿದ ಪುಟಗಳು ಹೇಗಾದರೂ ಇರಲಿ.

ಆ ಪುಟದ ಮೊದಲ ಲೆಕ್ಕ ಹೆಚ್ಚುಕಡಿಮೆ ಹೀಗಿರುತ್ತೆ. ಎರಡು ವೃತ್ತಗಳು ಭಾಗಶಃ ಒಂದರ ಮೇಲೊಂದು ಬಿದ್ದಿವೆ. ಎರಡಕ್ಕೂ ಸೇರಿದ ಭಾಗ ದೊಡ್ಡ ವೃತ್ತದ ವಿಸ್ತೀರ್ಣದ 1/6, ಚಿಕ್ಕ ವೃತ್ತದ ವಿಸ್ತೀರ್ಣದ 1/4. ವಿಸ್ತೀರ್ಣಗಳ ಅನುಪಾತ ಎಷ್ಟು? ಆಯ್ಕೆಗಳಲ್ಲಿ 2:3 ಇದೆ, 3:2 ಇದೆ, 9:4 ಕೂಡ ಇದೆ. ಪಿಡಿಎಫ್ ಕೊಡುವ ಉಪಾಯ: ಭಿನ್ನರಾಶಿಗಳನ್ನು ತಲೆಕೆಳಗು ಮಾಡಿ ಬರೆಯಿರಿ, ಮುಗೀತು. 6:4, ಅಂದರೆ 3:2. ಉತ್ತರ ಸರಿಯೇ. ಹದಿನೈದು ಸೆಕೆಂಡಿನ ಕೆಲಸ.

ಈಗ ಅದೇ ಲೆಕ್ಕದಲ್ಲಿ ಒಂದೇ ಒಂದು ಪದ ಬದಲಾಯಿಸೋಣ. ಕೂಡಿದ ಭಾಗವು ದೊಡ್ಡ ವೃತ್ತದಲ್ಲಿ *ಉಳಿದ* ಭಾಗದ 1/6 ಅನ್ನೋಣ. ತಲೆಕೆಳಗು ಮಾಡುವವರು ಮತ್ತೆ 6:4 ಅಂತಲೇ ಬರೀತಾರೆ. ಆದರೆ ಈ ಸಲ ದೊಡ್ಡ ವೃತ್ತದಲ್ಲಿ ಉಳಿದದ್ದು ಆರು ಪಾಲು, ಕೂಡಿದ್ದು ಒಂದು ಪಾಲು, ಒಟ್ಟು ಏಳು. ಅನುಪಾತ 7:4. ಪ್ರಶ್ನೆಪತ್ರಿಕೆ ಮಾಡುವವರಿಗೆ ಈ ಪಿಡಿಎಫ್ ಸಿಕ್ಕಿರೋದಿಲ್ಲ ಅಂದ್ಕೊಂಡಿದ್ದೀರಾ? 3:2 ಅನ್ನೋ ಆಯ್ಕೆಯನ್ನು ಅವರು ಬಲೆ ಥರ ಹಾಕಿ ಕೂತಿರುತ್ತಾರೆ.

ಇಂಥ ಲೆಕ್ಕಗಳಲ್ಲಿ ನಾವು ಎಡವೋದು ಜ್ಯಾಮಿತಿಯಲ್ಲಿ ಅಲ್ಲ ಅನ್ನೋದು ನನ್ನ ವಾದ. ವೃತ್ತ, ಚೌಕ, ತ್ರಿಭುಜ ನಮಗೆ ಹೈಸ್ಕೂಲಿನಿಂದಲೂ ಗೊತ್ತು. ನಾವು ಎಡವೋದು ‘ಯಾರ’ ಅನ್ನೋ ಪ್ರಶ್ನೆಯಲ್ಲಿ. ಆರನೇ ಒಂದು ಭಾಗ, ಸರಿ. ಯಾರದ್ದರ ಆರನೇ ಒಂದು ಭಾಗ? ಇದನ್ನು ಕೇಳಿಕೊಳ್ಳದೆ ಪೆನ್ ಎತ್ತಿದರೆ ಯಾವ ಸೂತ್ರವೂ ಕೈ ಹಿಡಿಯಲ್ಲ.

ಮಾಡಬೇಕಾದದ್ದು ತೀರಾ ಸಣ್ಣದು. ಎರಡೂ ಆಕೃತಿಗಳಿಗೆ ಸೇರಿದ ಆ ತುಂಡಿಗೆ ಮೊದಲು ಒಂದು ಹೆಸರಿಡಿ. ನಾನು ‘ಕ’ ಅಂತೀನಿ. ಅದರ ವಿಸ್ತೀರ್ಣ ಅಳೆಯೋಕೆ ಹೋಗಬೇಡಿ, ಹೆಸರಷ್ಟೇ ಇಡಿ. ಮೊದಲ ಲೆಕ್ಕದಲ್ಲಿ ಕ ದೊಡ್ಡದರ ಆರನೇ ಒಂದು, ಹಾಗಾದ್ರೆ ದೊಡ್ಡದು 6ಕ. ಚಿಕ್ಕದರ ನಾಲ್ಕನೇ ಒಂದು, ಹಾಗಾದ್ರೆ ಚಿಕ್ಕದು 4ಕ. ದೊಡ್ಡದರಲ್ಲಿ ಉಳಿದದ್ದು 5ಕ, ಚಿಕ್ಕದರಲ್ಲಿ ಉಳಿದದ್ದು 3ಕ. ಇಡೀ ಚಿತ್ರ 5ಕ + 3ಕ + ಕ, ಒಟ್ಟು 9ಕ. ಇನ್ನು ಅವರು ಏನು ಬೇಕಾದ್ರೂ ಕೇಳಲಿ. ಉಳಿದ ಭಾಗಗಳ ಅನುಪಾತವೇ? 5:3. ಕೂಡಿದ್ದಕ್ಕೂ ಇಡೀ ಚಿತ್ರಕ್ಕೂ? 1:9. ತ್ರಿಜ್ಯಗಳ ಅನುಪಾತವೇ? ಮೂರರ ವರ್ಗಮೂಲಕ್ಕೆ ಎರಡರ ವರ್ಗಮೂಲ. ಪೈ ಎಲ್ಲಿ ಬಂತು? ಬರಲೇ ಇಲ್ಲ. ಎರಡು ವೃತ್ತದ ಬದಲು ಎರಡು ಮೋಡ ಇದ್ದಿದ್ರೂ ತ್ರಿಜ್ಯದ ಪ್ರಶ್ನೆಯೊಂದನ್ನು ಬಿಟ್ಟು ಉಳಿದ ಉತ್ತರಗಳೆಲ್ಲ ಅವೇ.

ಗಮನಿಸಿ: ಅದೇ ಕ, ದೊಡ್ಡ ವೃತ್ತದ 1/6. ದೊಡ್ಡದರಲ್ಲಿ ಉಳಿದದ್ದರ 1/5. ಇಡೀ ಚಿತ್ರದ 1/9. ತುಂಡು ಒಂದೇ, ಭಿನ್ನರಾಶಿ ಮೂರು. ಯಾವುದೂ ಸುಳ್ಳಲ್ಲ.

ಇದು ಪರೀಕ್ಷೆ ಹಾಲ್‌ನಲ್ಲಿ ಮಾತ್ರ ನಡೆಯೋ ಆಟ ಅಂದುಕೊಂಡರೆ, ಸೈಟ್ ಜಗಳ ನೆನಪು ಮಾಡ್ಕೊಳ್ಳಿ. ಅಕ್ಕಪಕ್ಕದ ಎರಡು ಸೈಟು, ಒಂದು 40×60, ಇನ್ನೊಂದು 30×40. ಇಬ್ಬರ ಕೈಯಲ್ಲಿರುವ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ 240 ಚದರ ಅಡಿ ಎರಡರಲ್ಲೂ ಬರುತ್ತೆ ಅಂತಿಟ್ಟುಕೊಳ್ಳಿ. ದೊಡ್ಡ ಸೈಟಿನವರು ಹೇಳ್ತಾರೆ: “ಹತ್ತು ಪರ್ಸೆಂಟ್ ವಿಷಯಕ್ಕೆ ಯಾಕ್ ಸ್ವಾಮಿ ಇಷ್ಟು ಗಲಾಟೆ?” ಚಿಕ್ಕ ಸೈಟಿನವರು ಹೇಳ್ತಾರೆ: “ಸಾರ್, ನಂದು ಇಪ್ಪತ್ತು ಪರ್ಸೆಂಟ್ ಹೋಗ್ತಿದೆ!” ಇಬ್ಬರೂ ನಿಜವನ್ನೇ ಹೇಳ್ತಿದ್ದಾರೆ. 2400ರ ಹತ್ತು ಪರ್ಸೆಂಟೂ 240, 1200ರ ಇಪ್ಪತ್ತು ಪರ್ಸೆಂಟೂ 240. ಮಧ್ಯಸ್ಥಿಕೆಗೆ ಕೂತವರು ‘ಹದಿನೈದು ಪರ್ಸೆಂಟ್ ಅಂತ ಇಟ್ಕೊಳ್ಳಿ’ ಅಂದರೆ ಅಲ್ಲಿಗೆ ಕಥೆ ಮುಗೀತು. ಯಾರ ಹದಿನೈದು?

ಇಲ್ಲಿ ಕನ್ನಡದ ವಿಷಯ ಬರುತ್ತೆ. ಕನ್ನಡ ಸಂಘದ ಪತ್ರಿಕೆ ಅಂತ ಬಲವಂತವಾಗಿ ಎಳೆದು ತರ್ತಾ ಇಲ್ಲ. ಇಂಗ್ಲಿಷಿನ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಭಿನ್ನರಾಶಿ ಮೊದಲು ಬರುತ್ತೆ, ಅದು ಯಾವುದರದ್ದು ಅನ್ನೋದು ಆಮೇಲೆ. ‘ಒನ್ ಸಿಕ್ಸ್ತ್’ ಅನ್ನುವಷ್ಟರಲ್ಲಿ ನಮ್ಮ ಪೆನ್ 1/6 ಬರೆದು ಮುಗಿಸಿರುತ್ತೆ. ‘ಆಫ್ ದಿ ರಿಮೇನಿಂಗ್’ ಓದೋಕೆ ಕಣ್ಣಿಗೆ ಪುರಸೊತ್ತಿಲ್ಲ. ಕನ್ನಡದಲ್ಲಿ ವಾಕ್ಯವೇ ಹಾಗೆ ಬಿಡೋದಿಲ್ಲ. ‘ದೊಡ್ಡ ವೃತ್ತದ ಆರನೇ ಒಂದು ಭಾಗ’, ‘ದೊಡ್ಡ ವೃತ್ತದಲ್ಲಿ ಉಳಿದದ್ದರ ಆರನೇ ಒಂದು ಭಾಗ’. ಯಾರದ್ದು ಅಂತ ಮೊದಲು ಹೇಳಬೇಕು, ಆಮೇಲೆಯೇ ಎಷ್ಟು ಅನ್ನೋದು. ಷಷ್ಠಿ ವಿಭಕ್ತಿ ಮುಂದೆ ನಿಂತು ದಾರಿ ತೋರಿಸುತ್ತೆ. (ಷಷ್ಠಿ ಅಂದ್ರೇನೇ ಆರನೆಯದು. ಈ ಲೆಕ್ಕಕ್ಕೆ 1/6 ಆಯ್ದುಕೊಂಡದ್ದು ಅದಕ್ಕೇ ಅಂತ ಯಾರಾದ್ರೂ ಅಂದ್ರೆ ನಾನು ಇಲ್ಲ ಅನ್ನಲ್ಲ.)

ಹಾಗಾಗಿ ನನ್ನ ಸಲಹೆ, ನಗಬೇಡಿ: ಪ್ರಶ್ನೆಯನ್ನು ಮನಸ್ಸಿನಲ್ಲೇ ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ಪಾರಿಭಾಷಿಕ ಪದ ಹುಡುಕುತ್ತಾ ಕೂರಬೇಡಿ, ಸರ್ಕಲ್ಲು, ಏರಿಯಾ, ಓವರ್‌ಲ್ಯಾಪ್ ಅಂತಲೇ ಹೇಳಿ. ‘ದೊಡ್ಡ ಸರ್ಕಲ್ಲಿನ ಏರಿಯಾದಲ್ಲಿ ಆರನೇ ಒಂದು’. ವಾಕ್ಯದ ಕಟ್ಟು ಕನ್ನಡದ್ದಾದರೆ ಸಾಕು. ಕನ್ನಡ ಅಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತೆ ಅಂತಲ್ಲ. ‘ಶೇ. 20ರಷ್ಟು ಏರಿಕೆ’ ಅಂತ ತಲೆಬರಹ ಕೊಟ್ಟು ಯಾವುದರ ಶೇ. 20 ಅಂತ ಹೇಳದೆ ಬಿಡುವ ಸುದ್ದಿಗಳು ನಮ್ಮಲ್ಲೂ ಬೇಕಾದಷ್ಟಿವೆ. ಆದರೆ ಪೂರ್ತಿ ವಾಕ್ಯ ಹೇಳಿದಾಗ ಕನ್ನಡ ನಮ್ಮ ಪರವಾಗಿದೆ. ಲೆಕ್ಕ ಹೇಳೋಕೆ ಕನ್ನಡ ಆಗುತ್ತಾ ಅಂತ ಕೇಳುವವರಿಗೆ, 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಅಂತ ಕನ್ನಡದಲ್ಲೇ ಗಣಿತ ಬರೆದಿಟ್ಟು ಹೋಗಿದ್ದಾನೆ ಅಂತ ಹೇಳಿ ಮುಂದೆ ಹೋಗಿ.

ಹೆಸರಿಡುವ ಉಪಾಯದ ಇನ್ನೊಂದು ಲಾಭ, ತಪ್ಪು ಪ್ರಶ್ನೆಯನ್ನು ಹಿಡಿಯಬಹುದು. ನಾನು ಬರೆದ ಒಂದು ಮಾಕ್ ಟೆಸ್ಟಿನಲ್ಲಿ (ಯಾರದ್ದು ಅನ್ನೋದು ಬೇಡ) ಇಂಥದ್ದೊಂದು ಬಂದಿತ್ತು. ತ್ರಿಜ್ಯ 5 ಮತ್ತು 3 ಇರುವ ಎರಡು ವೃತ್ತಗಳು ಭಾಗಶಃ ಒಂದರ ಮೇಲೊಂದು ಬಿದ್ದಿವೆ. ಹೊರಗೆ ಉಳಿದ ಭಾಗಗಳ ಅನುಪಾತ 2:1. ಕೂಡಿದ ಭಾಗದ ವಿಸ್ತೀರ್ಣ ಎಷ್ಟು? ವಿಸ್ತೀರ್ಣಗಳು 25 ಪೈ ಮತ್ತು 9 ಪೈ. ಉಳಿದದ್ದು 25 ಪೈ − ಕ ಮತ್ತು 9 ಪೈ − ಕ. ಮೊದಲನೆಯದು ಎರಡನೆಯದರ ಎರಡರಷ್ಟು ಅಂತ ಬರೆದು ಬಿಡಿಸಿದರೆ ಕ ಬರೋದು ಮೈನಸ್ 7 ಪೈ. ಉತ್ತರಸೂಚಿಯಲ್ಲಿ ಮೈನಸ್ ನುಂಗಿ 7 ಪೈ ಅಂತ ಕೊಟ್ಟಿದ್ರು! ಅದನ್ನೇ ಟಿಕ್ ಮಾಡಿ ಅಂಕ ತಗೊಂಡವರೂ ಇದ್ದರು. ಮೈನಸ್ ಯಾಕೆ ಬಂತು ಅಂತ ಕೇಳಿದವರಿಗೆ “ಏರಿಯಾ ನೆಗೆಟಿವ್ ಇರಲ್ಲ ಅಲ್ವಾ, ಪಾಸಿಟಿವ್ ತಗೋಬೇಕು” ಅನ್ನೋ ಸಮಾಧಾನ ಸಿಕ್ತು.

ಅದು ಲೆಕ್ಕದ ತಪ್ಪಲ್ಲ, ಅಂಥ ಚಿತ್ರವೇ ಇರೋಕೆ ಸಾಧ್ಯವಿಲ್ಲ. ಎರಡೂ ಕಡೆಯಿಂದ ಅದೇ ಕ ಹೋಗೋದ್ರಿಂದ ಉಳಿದವುಗಳ *ವ್ಯತ್ಯಾಸ* ಎಂದಿಗೂ ಬದಲಾಗಲ್ಲ. ವೃತ್ತಗಳನ್ನು ಎಷ್ಟೇ ಹತ್ತಿರ ಸರಿಸಿ, ದೂರ ಸರಿಸಿ, ವ್ಯತ್ಯಾಸ 16 ಪೈ, ಅಷ್ಟೇ. ಆದರೆ *ಅನುಪಾತ* ಬದಲಾಗುತ್ತೆ. ವೃತ್ತಗಳು ಬರೀ ತಾಗಿಕೊಂಡಿದ್ದಾಗ 25:9, ಅಂದರೆ ಸುಮಾರು 2.78. ಒಳಗೆ ಸರಿದಷ್ಟೂ ಚಿಕ್ಕದು ಬೇಗ ಕರಗುತ್ತೆ, ಅನುಪಾತ ಏರುತ್ತಲೇ ಹೋಗುತ್ತೆ. ಕ ಒಂದು ಪೈ ಆದಾಗ 24:8, ಅಂದರೆ 3:1. ಚಿಕ್ಕ ವೃತ್ತ ಪೂರ್ತಿ ದೊಡ್ಡದರ ಹೊಟ್ಟೆಯೊಳಗೆ ಹೋದಾಗ ಅದರಲ್ಲಿ ಉಳಿದದ್ದು ಸೊನ್ನೆ. 2.78ಕ್ಕಿಂತ ಕೆಳಗೆ ಇಳಿಯೋ ದಾರಿಯೇ ಇಲ್ಲ. 2:1 ಅಂತ ಕೇಳಿದ್ದೇ ತಪ್ಪು. ಇಬ್ಬರ ಜೇಬಿನಿಂದಲೂ ನೂರು ನೂರು ರೂಪಾಯಿ ತೆಗೆದರೆ ಯಾರ ಹತ್ರ ಕಮ್ಮಿ ಇತ್ತೋ ಅವರಿಗೇ ಜಾಸ್ತಿ ಹೊಡೆತ, ಇದು ಅದೇ ಲೆಕ್ಕ. ಸೂತ್ರ ಬಾಯಿಪಾಠ ಮಾಡಿದವರಿಗೆ ಇದು ಕಾಣಲ್ಲ. ಕ ಅಂತ ಬರೆದು ಎರಡು ಕಡೆಯಿಂದ ಕಳೆದವರಿಗೆ ಕಾಣುತ್ತೆ.

“ಮಗಾ, ಒಂದು ಪ್ರಶ್ನೆಗೆ ಒಂದು ನಿಮಿಷ. ಇಷ್ಟೆಲ್ಲ ಯೋಚನೆ ಮಾಡೋಕೆ ಟೈಮ್ ಎಲ್ಲಿದೆ?” ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ಲೇಸ್‌ಮೆಂಟಿನಲ್ಲಿ ಮೊದಲ ಸುತ್ತಲ್ಲೇ ಸಾಲಾಗಿ ಹೆಸರು ಹೋಗೋದನ್ನು ಎಲ್ಲರೂ ನೋಡಿದ್ದೇವೆ, ಮನೆಯಲ್ಲಿ ಎಜುಕೇಶನ್ ಲೋನ್ ಇರುವವರಿಗೆ ಆ ಒಂದು ನಿಮಿಷದ ಬೆಲೆ ನಾನು ಹೇಳಿಕೊಡಬೇಕಿಲ್ಲ. ಆದರೆ ಸಮಯ ತಿನ್ನೋದು ಯಾವುದು ಅಂತ ನೋಡಿ. ಈ ಲೆಕ್ಕ ಕೊಟ್ಟು ನೋಡಿ ನಿಮ್ಮ ರೂಮ್‌ಮೇಟಿಗೆ. ಒಂದೇ ಅಳತೆಯ ಎರಡು ಚೌಕ. ಒಂದರ ಮೂಲೆ ಇನ್ನೊಂದರ ಸರಿಯಾದ ನಡುವಿಗೆ ಕೂತಿದೆ, ಆದರೆ ಓರೆಯಾಗಿ, ಎಷ್ಟು ಓರೆ ಅಂತ ಹೇಳಿಲ್ಲ. ಕೂಡಿದ ಭಾಗಕ್ಕೂ ಇಡೀ ಚಿತ್ರಕ್ಕೂ ಅನುಪಾತ?

ಹತ್ತರಲ್ಲಿ ಎಂಟು ಜನ ಕೋನಕ್ಕೆ ತೀಟಾ ಅಂತ ಹೆಸರಿಟ್ಟು, ಲಂಬ ಎಳೆದು, ಟ್ಯಾನ್ ತೀಟಾ ಬರೆದು, ನಾಲ್ಕು ನಿಮಿಷ ಕಳೆದು ಬೆವರುತ್ತಾರೆ. ಕೂಡಿದ ಭಾಗ ಒಂದು ಸೊಟ್ಟ ಚತುರ್ಭುಜ, ನೋಡಿದರೇ ಭಯ ಆಗುತ್ತೆ. ಈಗ ಕೊಬ್ಬರಿ ಮಿಠಾಯಿ ನೆನೆಸಿಕೊಳ್ಳಿ. ಚೌಕ ತುಂಡು. ಅದರ ನಡುವಿನಿಂದ ಹಾದುಹೋಗುವಂತೆ, ಒಂದಕ್ಕೊಂದು ಲಂಬವಾಗಿ ಎರಡು ಸಲ ಚಾಕು ಹಾಕಿ. ಚಾಕು ಎಷ್ಟೇ ಓರೆಯಾಗಿರಲಿ ಬರೋದು ನಾಲ್ಕು ಸಮ ತುಂಡು, ಯಾಕಂದ್ರೆ ಇಡೀ ಮಿಠಾಯಿಯನ್ನು ಕಾಲು ಸುತ್ತು ತಿರುಗಿಸಿದರೆ ಒಂದು ತುಂಡು ಸೀದಾ ಪಕ್ಕದ ತುಂಡಿನ ಜಾಗಕ್ಕೆ ಹೋಗಿ ಕೂರುತ್ತೆ. ಎರಡನೇ ಚೌಕದ ಮೂಲೆಯಿಂದ ಹೊರಡುವ ಎರಡು ಬಾಹುಗಳೇ ಆ ಚಾಕು, ಅವನ್ನು ಹಿಂದಕ್ಕೂ ಎಳೆದು ನೋಡಿ. ಹಾಗಾಗಿ ಕೂಡಿದ ಭಾಗ ಯಾವಾಗಲೂ ಚೌಕದ ಕಾಲು ಭಾಗ. ಅದು ಕ, ಒಂದೊಂದು ಚೌಕ 4ಕ, ಇಡೀ ಚಿತ್ರ 4ಕ + 4ಕ − ಕ, ಅಂದರೆ 7ಕ. ಉತ್ತರ 1:7. ತೀಟಾ ಪ್ರಶ್ನೆಯಲ್ಲಿ ಇರಲಿಲ್ಲ, ನಾವಾಗಿಯೇ ಮನೆಗೆ ಕರೆದುಕೊಂಡು ಬಂದ ನೆಂಟ ಅದು.

ಅಳೆಯಲೇಬೇಕಾದ ಸಂದರ್ಭಗಳು ಇಲ್ಲವೇ? ಇವೆ. ಎರಡು ಸಮ ವೃತ್ತಗಳು, ಪ್ರತಿಯೊಂದೂ ಇನ್ನೊಂದರ ಕೇಂದ್ರದ ಮೇಲೆ ಹಾದುಹೋಗಿವೆ. ಕೂಡಿದ ಎಲೆಯಾಕಾರ ವೃತ್ತದ ಎಷ್ಟನೇ ಭಾಗ? ಕಣ್ಣಂದಾಜಿಗೆ ಕೆಲವರು ಅರ್ಧ ಅಂತಾರೆ, ಕೆಲವರು ಮೂರನೇ ಒಂದು. ಎರಡೂ ಅಲ್ಲ. 120 ಡಿಗ್ರಿಯ ತ್ರಿಜ್ಯಖಂಡದಿಂದ ತ್ರಿಭುಜ ಕಳೆದು ಎರಡರಿಂದ ಗುಣಿಸಿದರೆ ಸುಮಾರು 39 ಪರ್ಸೆಂಟ್ ಬರುತ್ತೆ. ಇಲ್ಲಿ ಪೈ ಬೇಕು, ಮೂರರ ವರ್ಗಮೂಲ ಬೇಕು. ಸೂತ್ರ ಬೇಡ ಅಂತ ನಾನೆಲ್ಲೂ ಹೇಳ್ತಿಲ್ಲ. ಅನುಪಾತದಲ್ಲೇ ಮುಗಿಯುವ ಭಾಗ ಎಲ್ಲಿವರೆಗೆ, ಅಳತೆ ಶುರುವಾಗೋದು ಎಲ್ಲಿಂದ ಅನ್ನೋ ಗೆರೆ ಗೊತ್ತಿರಬೇಕು, ಅಷ್ಟೇ.

ಆ ಗೆರೆ ಚೆನ್ನಾಗಿ ಕಾಣೋದು ಒಂದು ಕಾದಂಬರಿಯಂಥ ಪುಸ್ತಕದಿಂದ ಬಂದ ಲೆಕ್ಕದಲ್ಲಿ. 1939ರಲ್ಲಿ ಪುಸ್ತಕವಾಗಿ ಬಂದ, ಇಂಗ್ಲಿಷ್ ಲೇಖಕಿ ಜ್ಯಾನ್ ಸ್ಟ್ರದರ್ ಅವರ ‘ಮಿಸೆಸ್ ಮಿನಿವರ್’ನಲ್ಲಿ ನಾಯಕಿ ಸಂಬಂಧಗಳನ್ನು ಒಂದನ್ನೊಂದು ಛೇದಿಸುವ ಎರಡು ವೃತ್ತಗಳಂತೆ ನೋಡ್ತಾಳೆ. ನಡುವಿನ ಎಲೆಯ ವಿಸ್ತೀರ್ಣವು ಹೊರಗಿನ ಎರಡು ಚಂದ್ರನ ತುಣುಕುಗಳ ಒಟ್ಟು ವಿಸ್ತೀರ್ಣಕ್ಕೆ ಸಮ ಇದ್ದರೆ ಚೆನ್ನ ಅನ್ನೋದು ಅವಳ ಲೆಕ್ಕಾಚಾರ. ಗಂಡ ಹೆಂಡತಿ ವಿಷಯ ನಮಗೆ ಸದ್ಯಕ್ಕೆ ಬೇಡ, ಲೆಕ್ಕ ನೋಡೋಣ. ಎಲೆ ಕ. ಹೊರಗಿನದ್ದು ಎರಡೂ ಸೇರಿ ಕ. ಇಡೀ ಚಿತ್ರ 2ಕ. ವೃತ್ತಗಳು ಸಮ ಇದ್ದರೆ ಒಂದೊಂದು ಕಡೆ ಉಳಿದದ್ದು ಅರ್ಧ ಕ, ಅಂದರೆ ವೃತ್ತ ಒಂದೂವರೆ ಕ, ಎಲೆ ವೃತ್ತದ ಮೂರನೇ ಎರಡು. ಅನುಪಾತದ ಕೆಲಸ ಮುಗೀತು, ಎರಡು ಸಾಲಿನಲ್ಲಿ. ಹಾಗಿರಬೇಕಾದರೆ ಕೇಂದ್ರಗಳು ಎಷ್ಟು ದೂರ ಇರಬೇಕು ಅಂತ ಕೇಳಿದಿರೋ, ಆಗ ನೇರ ಸೂತ್ರವಿಲ್ಲದ ಸಮೀಕರಣ ಬರುತ್ತೆ. ಲ್ಯಾಬಿನಲ್ಲಿ ಮಾಡುವ ನ್ಯೂಟನ್-ರಾಫ್ಸನ್ ಓಡಿಸಿದರೆ ತ್ರಿಜ್ಯದ ಸುಮಾರು 0.53ರಷ್ಟು ಅಂತ ಬರುತ್ತೆ.

ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಕ್ಯಾಮೆರಾ ಇಟ್ಟು ಗುಂಡಿ ಹುಡುಕುವವರು, ಹೆಲ್ಮೆಟ್ ಹುಡುಕುವವರು ಇಲ್ಲಿ ಸ್ವಲ್ಪ ನಿಲ್ಲಿ. ನೀವು ಯೋಲೋ ಓಡಿಸಿ ರಿಪೋರ್ಟಿನಲ್ಲಿ ‘ಐಓಯು 0.5’ ಅಂತ ಬರೀತೀರಲ್ಲ, ಅದು ಮಿಸೆಸ್ ಮಿನಿವರ್ ಲೆಕ್ಕವೇ. ಎರಡು ಡಬ್ಬಗಳು ಕೂಡಿದ ಭಾಗವನ್ನು ಇಡೀ ಚಿತ್ರದಿಂದ ಭಾಗಿಸಿದರೆ ಬರೋದು ಐಓಯು. ಕ ಭಾಗಿಸು 2ಕ, ಅಂದರೆ ಅರ್ಧ. ಈ ಅಳತೆಯ ಬೇರು ಕಂಪ್ಯೂಟರಿನಲ್ಲೂ ಇಲ್ಲ. ಪಾಲ್ ಜಕಾರ್ ಅನ್ನುವ ಸ್ವಿಸ್ ಸಸ್ಯಶಾಸ್ತ್ರಜ್ಞ 20ನೇ ಶತಮಾನದ ಆರಂಭದಲ್ಲಿ ಆಲ್ಪ್ಸ್ ಪರ್ವತದ ಬೇರೆ ಬೇರೆ ಜಾಗಗಳ ಸಸ್ಯಗಳನ್ನು ಹೋಲಿಸೋಕೆ ಬಳಸಿದ್ದು ಇದೇ ಭಾಗಾಕಾರ.

ವೈವಾದಲ್ಲಿ “0.5 ಅಂದ್ರೆ ಏನಮ್ಮಾ?” ಅಂತ ಕೇಳಿದಾಗ “ಸರ್, ಫಿಫ್ಟಿ ಪರ್ಸೆಂಟ್ ಓವರ್‌ಲ್ಯಾಪ್” ಅನ್ನೋದು ಎಲ್ಲರ ಬಾಯಲ್ಲೂ ಇರುವ ಉತ್ತರ. ಯಾರ ಫಿಫ್ಟಿ ಪರ್ಸೆಂಟು? ಸಮ ಅಳತೆಯ ಎರಡು ಡಬ್ಬ ನಿಜವಾಗಿ ಅರ್ಧ ಅರ್ಧ ಕೂಡಿದ್ದರೆ, ಡಬ್ಬ 2ಕ, ಇಡೀ ಚಿತ್ರ 3ಕ, ಐಓಯು ಬರೀ 0.33. 0.5 ಬೇಕಾದರೆ ಮೂರನೇ ಎರಡು ಭಾಗ ಕೂಡಬೇಕು. ಇನ್ನೂ ವಿಚಿತ್ರ ಬೇಕೇ? ನಿಮ್ಮ ಮಾಡೆಲ್ ಹಾಕಿದ ಡಬ್ಬ ಪೂರ್ತಿಯಾಗಿ, ನೂರಕ್ಕೆ ನೂರು, ನಿಜವಾದ ಡಬ್ಬದ ಒಳಗೇ ಇದೆ, ಆದರೆ ಅದರ ಕಾಲು ಭಾಗದಷ್ಟೇ ದೊಡ್ಡದು. ಐಓಯು 0.25. ಅದೇ ಕ, ಮಾಡೆಲ್ಲಿನ ಡಬ್ಬದ ನೂರು ಪರ್ಸೆಂಟು, ನಿಜವಾದ ಡಬ್ಬದ ಇಪ್ಪತ್ತೈದು. ಮಿತಿ 0.5 ಇಟ್ಟಿದ್ದರೆ ಇದು ‘ತಪ್ಪು ಪತ್ತೆ’ ಅಂತ ಎಣಿಕೆಯಾಗುತ್ತೆ. ಗುಂಡಿಯ ಮೇಲೆಯೇ ಕೂತಿದೆ, ಆದ್ರೂ ಯಾಕೆ ತಪ್ಪು ಅಂತಿದೆ ಅಂತ ರಾತ್ರಿಯೆಲ್ಲ ಕೋಡ್‌ನಲ್ಲಿ ಬಗ್ ಹುಡುಕುವವರನ್ನು ಲ್ಯಾಬಿನಲ್ಲಿ ನೋಡಿದ್ದೇನೆ. ಕೋಡ್ ಸರಿಯೇ ಇರುತ್ತೆ.

ಟ್ರೈನಿಂಗ್ ಕೊಡುವವರಿಗೆ ನನ್ನದೊಂದು ಬೇಡಿಕೆ ಇದೆ. ಒಂದು ಗಂಟೆಯಲ್ಲಿ ನಲವತ್ತು ಲೆಕ್ಕ ಓಡಿಸುವ ಬದಲು ಒಂದೇ ಚಿತ್ರ ಬೋರ್ಡಿನ ಮೇಲೆ ಬಿಡಿ, ಪ್ರಶ್ನೆಯನ್ನು ಹತ್ತು ಥರ ಬದಲಾಯಿಸಿ. ವೃತ್ತದ 1/6, ಉಳಿದದ್ದರ 1/6, ಇಡೀ ಚಿತ್ರದ 1/6. ಪ್ರತಿ ಸಲ ಹಿಂದಿನ ಬೆಂಚಿನವರೂ ಸೇರಿ “ಯಾರದ್ದು?” ಅಂತ ಕೂಗಲಿ. ಗಲಾಟೆ ಆಗುತ್ತೆ, ಆಗಲಿ ಬಿಡಿ. ಶಾರ್ಟ್‌ಕಟ್ ಆಮೇಲೆ ಅವರೇ ಮಾಡ್ಕೋತಾರೆ, ಅದು ಎಲ್ಲಿ ಕೈಕೊಡುತ್ತೆ ಅನ್ನೋದೂ ಅವರಿಗೆ ಗೊತ್ತಿರುತ್ತೆ.

ಪಿಡಿಎಫ್‌ನಲ್ಲಿ ಇಲ್ಲದ ಒಂದು ಲೆಕ್ಕ ಕೊಟ್ಟು ಹೋಗ್ತೀನಿ. ಒಂದು ಚೌಕ, ಒಂದು ವೃತ್ತ, ಎರಡರ ವಿಸ್ತೀರ್ಣ ಸಮ. ಎರಡರ ಕೇಂದ್ರವೂ ಒಂದೇ ಕಡೆ. ಚೌಕದ ನಾಲ್ಕು ಮೂಲೆ ವೃತ್ತದಿಂದ ಹೊರಗೆ ಚಾಚಿವೆ, ವೃತ್ತದ ನಾಲ್ಕು ತುಣುಕು ಚೌಕದಿಂದ ಹೊರಗೆ ಉಬ್ಬಿವೆ. ನಾಲ್ಕು ಮೂಲೆಗಳ ಒಟ್ಟು ವಿಸ್ತೀರ್ಣಕ್ಕೂ ನಾಲ್ಕು ಉಬ್ಬುಗಳ ಒಟ್ಟು ವಿಸ್ತೀರ್ಣಕ್ಕೂ ಅನುಪಾತ ಎಷ್ಟು? ಪೈ ಮುಟ್ಟದೆ ಹೇಳಬೇಕು. ಹೇಳಿದ ಮೇಲೆ, ವೃತ್ತವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಆ ಉತ್ತರ ಏನಾಗುತ್ತೆ?